ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಹಾರುತ್ತಲೇ ಸತ್ತು ನೆಲದಲ್ಲಿ ಬದುಕುವ ಮಾದರಿ ಹೆಲಿಕಾಪ್ಟರ್‌ನ ದೋಷ ಹುಡುಕುವ ಬಗೆ

ರಾಗಿ ಕೊಯ್ಲಾದ ಹೊಲ, ಬೆಳಗಿನ ಏಳು ಗಂಟೆ, ಗಾಳಿ ಇಲ್ಲ. ಇಪ್ಪತ್ತು ಅಡಿ ಎತ್ತರದಲ್ಲಿ ನಿಂತಿದ್ದ ಹೆಲಿಕಾಪ್ಟರನ್ನು ಇನ್ನೂ ಮೇಲಕ್ಕೆ ಎಬ್ಬಿಸೋಣವೆಂದು ಟ್ರಾನ್ಸ್‌ಮಿಟರಿನಲ್ಲಿ ರೆಕ್ಕೆಗಳ ಓರೆಯನ್ನು ಒಟ್ಟಿಗೆ ಬದಲಿಸುವ ಕಲೆಕ್ಟಿವ್ ಕಡ್ಡಿಯನ್ನು ಜೋರಾಗಿ ತಳ್ಳಿದೆ. ಮೋಟರ್‌ನ ಸದ್ದು ಕತ್ತರಿಸಿದಂತೆ ನಿಂತಿತು. ಕಡ್ಡಿಗಳನ್ನು ಯಾವ ಕಡೆ ಆಡಿಸಿದರೂ ಉತ್ತರವಿಲ್ಲ. ರೆಕ್ಕೆಗಳು ಸುಮ್ಮನೆ ಸುತ್ತುತ್ತಾ, ಯಂತ್ರ ಬಲಕ್ಕೆ ವಾಲಿ ಕೂಳೆಯ ಮೇಲೆ ಬಿತ್ತು. 325 ಮಿಲಿಮೀಟರಿನ ಮುಖ್ಯ ರೆಕ್ಕೆಗಳ ಜೋಡಿ, ಮುಖ್ಯ ದಂಡ, ಬಾಲದ ಕೊಳವೆ, ಮೂರೂ ಹೋದವು. ಹತ್ತಿರ ಓಡಿ ಹೋಗಿ ನೋಡಿದರೆ, ಬಿದ್ದ ಹೆಲಿಕಾಪ್ಟರ್‌ನ ಸ್ವಾಶ್‌ಪ್ಲೇಟ್ (ರೆಕ್ಕೆಗಳ ಓರೆ ಬದಲಿಸುವ ತಟ್ಟೆ) ಮೇಲಕ್ಕೂ ಕೆಳಕ್ಕೂ ಚಿಕ್ಕದಾಗಿ ತಲೆಯಾಡಿಸಿತು. ಬ್ಯಾಟರಿ ಜೋಡಿಸಿದಾಗ ದಿನವೂ ಹಾಗೆಯೇ ತಲೆಯಾಡಿಸುತ್ತದೆ. ರೇಡಿಯೋ ಆದೇಶ ಹಿಡಿಯುವ ರಿಸೀವರ್‌ನ ದೀಪ ಮಿನುಗುತ್ತಿತ್ತು.

ಆ ತಲೆಯಾಟದಲ್ಲೇ ಇಡೀ ಉತ್ತರವಿತ್ತು. ನಾನು ಗಮನಿಸಲಿಲ್ಲ. ಸಿಗ್ನಲ್ ಹೋಯಿತೆಂದು ತೀರ್ಮಾನಿಸಿ ಹೊಸ ರಿಸೀವರ್ ತರಿಸಿದೆ, ಹಳೆಯದನ್ನು ಬೈದು ಡಬ್ಬಿಗೆ ಹಾಕಿದೆ. ಹೊಸದರೊಂದಿಗೆ ಮೂರನೇ ಹಾರಾಟದಲ್ಲಿ ಅದೇ ಕಥೆ, ಅದೇ ಹೊಲ, ಇನ್ನೊಂದು ಜೋಡಿ ರೆಕ್ಕೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಎತ್ತಿನ ಬಳಿಗೆ ನಾನು ಬಂದದ್ದು ಎರಡನೇ ಸಲ ಬಿದ್ದ ಮೇಲೆ. ಮೊದಲೇ ಯಾವ ಕ್ರಮದಲ್ಲಿ ಹುಡುಕಬೇಕಿತ್ತೋ ಆ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ.

ಯಂತ್ರದ ಪರಿಚಯ ಇಷ್ಟು: 450 ವರ್ಗದ ವಿದ್ಯುತ್ ಹೆಲಿಕಾಪ್ಟರ್, ಮೂರು ಸೆಲ್ಲಿನ 2200 ಎಂಎಎಚ್ ಲಿಥಿಯಂ ಪಾಲಿಮರ್ ಬ್ಯಾಟರಿ, 3500 ಕೆವಿ (ಅಂದರೆ ಒಂದು ವೋಲ್ಟಿಗೆ ನಿಮಿಷಕ್ಕೆ 3500 ಸುತ್ತು) ಬ್ರಷ್‌ಲೆಸ್ ಮೋಟರ್, 40 ಆಂಪಿಯರಿನ ವೇಗ ನಿಯಂತ್ರಕ, ಅಂದರೆ ಇಎಸ್‌ಸಿ. ಆ ಇಎಸ್‌ಸಿಯ ಹೊಟ್ಟೆಯೊಳಗೇ 5 ವೋಲ್ಟ್, 2 ಆಂಪಿಯರಿನ ಲೀನಿಯರ್ ಬಿಇಸಿ, ಅಂದರೆ ಬ್ಯಾಟರಿಯ ವೋಲ್ಟ್ ಇಳಿಸಿಕೊಡುವ ಭಾಗ, ಇದೆ. ರಿಸೀವರ್‌ಗೂ ಸ್ವಾಶ್‌ಪ್ಲೇಟನ್ನೂ ಬಾಲವನ್ನೂ ಆಡಿಸುವ ಪುಟ್ಟ ಮೋಟರುಗಳಾದ ಸರ್ವೋಗಳಿಗೂ ಊಟ ಬಡಿಸುವುದು ಅದೇ. ಬೀಳುವ ಒಂದು ತಿಂಗಳ ಹಿಂದೆ ನಾನು ಮೂರು ಹಳೆಯ ಅನಲಾಗ್ ಸರ್ವೋಗಳನ್ನು ತೆಗೆದು ಲೋಹದ ಗೇರಿನ ಡಿಜಿಟಲ್ ಸರ್ವೋಗಳನ್ನು ಕೂರಿಸಿದ್ದೆ. ರೋಟರನ್ನು ಸ್ಥಿರವಾಗಿಡುವ ಫ್ಲೈಬಾರ್ ಕಡ್ಡಿಯನ್ನು ಕಿತ್ತು, ಆ ಕೆಲಸವನ್ನು ಜೈರೋ (ಅಲುಗಾಟ ಅಳೆಯುವ ಸಂವೇದಕ) ಬಳಸಿ ಮಾಡುವ ಫ್ಲೈಬಾರ್‌ಲೆಸ್ ಘಟಕವನ್ನೂ ಹಾಕಿದ್ದೆ. ಅತಿಥಿಗಳು ಹೆಚ್ಚಾದರು, ಅನ್ನದ ತಪ್ಪಲೆ ಅದೇ ಉಳಿಯಿತು.

ಮೊದಲು ಬೆರಳುಗಳ ಚಿಂತೆ

ಮೇಜಿನ ಮೇಲೆ ಪರೀಕ್ಷೆ ಮಾಡುವಾಗ ಮುಖ್ಯ ರೆಕ್ಕೆ, ಬಾಲದ ರೆಕ್ಕೆ ಎರಡನ್ನೂ ಬಿಚ್ಚಿ. ಮೋಟರಿನ ಮೂರು ತಂತಿಗಳನ್ನು ಇಎಸ್‌ಸಿಯಿಂದ ಬೇರ್ಪಡಿಸಿ. ಬೆಸುಗೆ ಹಾಕಿದ್ದರೆ ಮೋಟರನ್ನು ಹಿಂದಕ್ಕೆ ಸರಿಸಿ ಅದರ ಪುಟ್ಟ ಹಲ್ಲುಗಾಲಿ, ಅಂದರೆ ಪಿನಿಯನ್, ಮುಖ್ಯ ಗೇರಿಗೆ ತಾಗದಂತೆ ಮಾಡಿ. ಈ ಗಾತ್ರದ ರೋಟರಿನ ವ್ಯಾಸ ಸುಮಾರು 70 ಸೆಂಟಿಮೀಟರ್. ನಿಮಿಷಕ್ಕೆ 2800 ಸುತ್ತು ತಿರುಗುವಾಗ ರೆಕ್ಕೆಯ ತುದಿಯ ವೇಗ ಗಂಟೆಗೆ 370 ಕಿಲೋಮೀಟರ್ ಮುಟ್ಟುತ್ತದೆ. ಆಟದ ಸಾಮಾನು ಎಂದು ನೋಡುವವರಿಗೆ ಈ ಲೆಕ್ಕ ಹೇಳುತ್ತೇನೆ. ಸುಮ್ಮನಾಗುತ್ತಾರೆ.

ಸತ್ತದ್ದು ಯಾರು?

ಮಾದರಿ ಬಿದ್ದಾಗ ನಾವು ಕೇಳಿಕೊಳ್ಳುವುದು "ಏಕೆ ಬಿತ್ತು" ಎಂದು. ಅದಕ್ಕೂ ಮೊದಲು ಕೇಳಬೇಕಾದದ್ದು, ಆ ಕ್ಷಣದಲ್ಲಿ ಯಾವುದು ಸತ್ತಿತ್ತು, ಯಾವುದು ಬದುಕಿತ್ತು ಎಂದು.

ಮೋಟರ್ ಮಾತ್ರ ನಿಂತು ಸರ್ವೋಗಳು ಮಾತು ಕೇಳುತ್ತಿದ್ದರೆ ದೋಷ ಬ್ಯಾಟರಿಯಿಂದ ಮೋಟರಿನವರೆಗಿನ ದಾರಿಯಲ್ಲಿದೆ. ವೋಲ್ಟೇಜ್ ಇಳಿಯಿತೆಂದು ಇಎಸ್‌ಸಿ ತಾನೇ ಮೋಟರ್ ನಿಲ್ಲಿಸಿರಬಹುದು, ಕಾದು ನಿಲ್ಲಿಸಿರಬಹುದು, ಮೋಟರಿನ ತಂತಿಯೊಂದರ ಬೆಸುಗೆ ಬಿಟ್ಟಿರಬಹುದು. ಆಟೊರೊಟೇಷನ್, ಅಂದರೆ ಮೋಟರಿಲ್ಲದೆ ಸುತ್ತುವ ರೆಕ್ಕೆಗಳ ಬಲದಲ್ಲೇ ಇಳಿಸುವುದನ್ನು ಬಲ್ಲವರು ಇಂಥ ಯಂತ್ರವನ್ನು ಜೀವಂತವಾಗಿ ಇಳಿಸುತ್ತಾರೆ.

ಸಿಗ್ನಲ್ ಮಾತ್ರ ಹೋಗಿದ್ದರೆ ಚಿತ್ರ ಬೇರೆ. ರಿಸೀವರ್ ಫೇಲ್‌ಸೇಫ್‌ಗೆ ಹೋಗುತ್ತದೆ. ನೀವು ಮೊದಲೇ ಹೊಂದಿಸಿದಂತೆ ಥ್ರಾಟಲ್ ಇಳಿಯುತ್ತದೆ, ಸರ್ವೋಗಳು ಕೊನೆಯ ಸ್ಥಾನದಲ್ಲೋ ನಿಗದಿತ ಸ್ಥಾನದಲ್ಲೋ ನಿಲ್ಲುತ್ತವೆ. ಆದರೆ ಜೈರೋಗೆ ವಿದ್ಯುತ್ ಇದೆ, ಅದು ತನ್ನ ಕೆಲಸವನ್ನು ಮಾಡುತ್ತಲೇ ಇರುತ್ತದೆ. ಹೊಸದಾಗಿ ಕಣ್ಣು ಬಿಡಬೇಕಾದ ಪ್ರಮೇಯ ಅದಕ್ಕೆ ಬರುವುದಿಲ್ಲ.

ಎಲ್ಲವೂ ಒಟ್ಟಿಗೆ ಸತ್ತು, ನಂತರ ಎಲ್ಲವೂ ಮೊದಲಿನಿಂದ ಎದ್ದು ಕುಳಿತರೆ ವಿದ್ಯುತ್ತೇ ಕೈಕೊಟ್ಟಿದೆ. ಹಲವು ಫ್ಲೈಬಾರ್‌ಲೆಸ್ ಘಟಕಗಳು ಎದ್ದು ಸಿದ್ಧವಾದಾಗ ಸ್ವಾಶ್‌ಪ್ಲೇಟನ್ನು ಅಲ್ಲಾಡಿಸಿ ತಿಳಿಸುತ್ತವೆ. ಅದಕ್ಕೂ ಮೊದಲು ಅವುಗಳಿಗೆ ಕೆಲವು ಸೆಕೆಂಡು ಅಲುಗದೆ ಇರುವ ನೆಲ ಬೇಕು. ಬೀಳುತ್ತಿರುವ ಯಂತ್ರದಲ್ಲಿ ಅದೆಲ್ಲಿಂದ ಬರಬೇಕು? ಆದ್ದರಿಂದ ನೆಲಕ್ಕೆ ಬಿದ್ದು, ಅಲುಗಾಟ ನಿಂತ ಮೇಲೆಯೇ ನನ್ನ ಯಂತ್ರ ತಲೆಯಾಡಿಸಿದ್ದು. ಕೆಲವು ರಿಸೀವರ್‌ಗಳ ದೀಪ ಮಿನುಗುವುದೂ "ನಡುವೆ ನನಗೆ ವಿದ್ಯುತ್ ತಪ್ಪಿತ್ತು" ಎಂಬ ಸಾಕ್ಷಿಯೇ. ಆದ್ದರಿಂದ ಬಿದ್ದ ಯಂತ್ರದ ಬ್ಯಾಟರಿಯನ್ನು ಕೀಳುವ ಮೊದಲು, ಹೊಗೆ ಬರುತ್ತಿಲ್ಲವಾದರೆ, ಮೋಟರನ್ನು ನಿಲ್ಲಿಸಿಡುವ ಥ್ರಾಟಲ್ ಹೋಲ್ಡ್ ಸ್ವಿಚ್ ಒತ್ತಿ ಎರಡು ಕ್ಷಣ ದೀಪಗಳನ್ನು ನೋಡಿ. ಬ್ಯಾಟರಿ ಕಿತ್ತ ಮೇಲೆ ಆ ಸಾಕ್ಷಿ ಅಳಿಸಿಹೋಗುತ್ತದೆ.

ಇನ್ನೊಂದು ಬಗೆಯಿದೆ: ಯಾವುದೂ ಸಾಯದೆ ಸರ್ವೋಗಳು ಆಗಾಗ ಬೆಚ್ಚಿಬೀಳುವುದು. ಅದನ್ನು ಆಮೇಲೆ ನೋಡೋಣ.

ತಪ್ಪಲೆಯ ಲೆಕ್ಕ

ಲೀನಿಯರ್ ಬಿಇಸಿ ಒಂದು ಮುಗ್ಧ ಸಾಧನ. ಬ್ಯಾಟರಿಯ 12.6 ವೋಲ್ಟನ್ನು 5 ವೋಲ್ಟಿಗೆ ಇಳಿಸಲು ಅದಕ್ಕೆ ಗೊತ್ತಿರುವ ದಾರಿ ಒಂದೇ, ಹೆಚ್ಚಿನದನ್ನು ಶಾಖವಾಗಿ ಸುಟ್ಟುಬಿಡುವುದು. ಪೂರ್ತಿ ತುಂಬಿದ ಮೂರು ಸೆಲ್ ಬ್ಯಾಟರಿಯಲ್ಲಿ ಸರ್ವೋಗಳು 1 ಆಂಪಿಯರ್ ಎಳೆದರೆ ಅವುಗಳಿಗೆ ಸಿಗುವುದು 5 ವಾಟ್, ಬಿಇಸಿಯಲ್ಲಿ ಸುಡುವುದು 7.6 ವಾಟ್. 2 ಆಂಪಿಯರ್ ಎಳೆದರೆ 15 ವಾಟ್ ಸುಡುತ್ತದೆ. ಅಂಗೈಗಿಂತ ಚಿಕ್ಕದಾದ, ಪ್ಲಾಸ್ಟಿಕ್ ಹೊದಿಕೆಯೊಳಗೆ ಬಿಗಿದಿಟ್ಟ ಫಲಕದಲ್ಲಿ 15 ವಾಟ್ ಎಂದರೆ ಚಿಕ್ಕದೊಂದು ಬೆಸುಗೆ ಕಡ್ಡಿ. ಅದೇ ಫಲಕದ ಇನ್ನೊಂದು ಬದಿ ಮೋಟರ್ ನಡೆಸುತ್ತಾ ತನ್ನ ಪಾಲಿನ ಶಾಖವನ್ನೂ ಸೇರಿಸುತ್ತಿರುತ್ತದೆ. ಮಿತಿ ಮೀರಿ ಕಾದಾಗ ರೆಗ್ಯುಲೇಟರ್ ತನ್ನನ್ನು ಉಳಿಸಿಕೊಳ್ಳಲು ಬಾಗಿಲು ಮುಚ್ಚುತ್ತದೆ. ಹೆಲಿಕಾಪ್ಟರ್ ಎಲ್ಲಿದೆ ಎಂದು ಅದು ಕೇಳುವುದಿಲ್ಲ. ಹೊದಿಕೆಯ ಮೇಲೆ ಬರೆದಿರುವ "2 ಆಂಪಿಯರ್" ಎಂಬುದು ಗಾಳಿಯಾಡುವ ಜಾಗದಲ್ಲಿ, ಎರಡು ಸೆಲ್ ಬ್ಯಾಟರಿಯಲ್ಲಿ ನಿಜವಿರಬಹುದು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ಮೂರು ಸೆಲ್ಲಿನಲ್ಲಿ, ಮೋಟರಿನ ಪಕ್ಕದಲ್ಲಿ ಅಲ್ಲ.

ಬಡಿಸಬೇಕಾದವರು ಎಷ್ಟು ತಿನ್ನುತ್ತಾರೆ? ಸರ್ವೋಗಳು 120 ಡಿಗ್ರಿ ಅಂತರದಲ್ಲಿ ಸೇರಿ ದುಡಿಯುವ ಸಿಸಿಪಿಎಂ ವ್ಯವಸ್ಥೆಯಲ್ಲಿ ಸ್ವಾಶ್‌ಪ್ಲೇಟನ್ನು ಮೂರು ಸರ್ವೋಗಳು ಹೊರುತ್ತವೆ. ಬಲಕ್ಕೆ ಎಡಕ್ಕೆ ವಾಲಿಸುವಾಗ ಒಂದೆರಡು ಮಾತ್ರ ದುಡಿಯಬಹುದು. ಕಲೆಕ್ಟಿವ್ ತಳ್ಳಿದಾಗ ಮೂರೂ ಏಕಕಾಲಕ್ಕೆ ಹೊರಡುತ್ತವೆ. ಅದೇ ಕ್ಷಣ ತಿರುಚುಬಲ ಹೆಚ್ಚಾಗಿ ಬಾಲದ ಸರ್ವೋ ಕೂಡ ಜಿಗಿಯುತ್ತದೆ. ಡಿಜಿಟಲ್ ಸರ್ವೋ ನಿಂತಲ್ಲಿಂದ ಹೊರಡುವಾಗ, ಅತಿ ಅಲ್ಪ ಕಾಲವಾದರೂ, ತಡೆದು ನಿಲ್ಲಿಸಿದಾಗ ಎಳೆಯುವಷ್ಟೇ ಕರೆಂಟನ್ನು ಎಳೆಯುತ್ತದೆ. ಈ ಗಾತ್ರದ ಒಂದೊಂದು ಸರ್ವೋಗೆ ಅದು 1 ಆಂಪಿಯರ್ ದಾಟುವುದು ಸಾಮಾನ್ಯ. ನಾಲ್ಕೂ ಒಟ್ಟಿಗೆ ಕೈ ಚಾಚಿದರೆ? ನನ್ನ ಎರಡು ಪತನಗಳೂ ಕಲೆಕ್ಟಿವ್ ತಳ್ಳಿದ ಕ್ಷಣದಲ್ಲೇ ಆದದ್ದು ಕಾಕತಾಳೀಯವಲ್ಲ.

ಮಲ್ಟಿಮೀಟರ್ ಹೇಳದ ಸುಳ್ಳು, ಹೇಳದ ನಿಜ

ರೆಕ್ಕೆಯಿಲ್ಲದ, ಮೋಟರ್ ತಂತಿ ಬಿಡಿಸಿದ ಯಂತ್ರವನ್ನು ಮೇಜಿನ ಮೇಲಿಟ್ಟು, ರಿಸೀವರ್‌ನ ಖಾಲಿ ಪೋರ್ಟಿಗೆ ಸರ್ವೋ ತಂತಿಯ ತುಂಡೊಂದನ್ನು ಚುಚ್ಚಿ, ಕೆಂಪು ಕಪ್ಪು ತುದಿಗಳಿಗೆ ಮಲ್ಟಿಮೀಟರ್ ಹಿಡಿದೆ. ಸುಮ್ಮನಿದ್ದಾಗ 5.02. ಎರಡೂ ಕಡ್ಡಿಗಳನ್ನು ರೊಟ್ಟಿ ತಟ್ಟುವಂತೆ ಸುತ್ತ ಸುತ್ತ ಆಡಿಸಿದಾಗ ಅಂಕಿ 4.7 ಮತ್ತು 4.9ರ ನಡುವೆ ಕುಣಿಯಿತು. ಹೆದರುವಂಥದ್ದೇನಿಲ್ಲ ಎನಿಸಿತು. ಇಲ್ಲಿಯೇ ಬಹಳ ಮಂದಿ ಮೀಟರ್ ಮುಚ್ಚಿಟ್ಟು ಮತ್ತೆ ರಿಸೀವರನ್ನು ದೂರುತ್ತಾರೆ.

ಸಾಧಾರಣ ಮಲ್ಟಿಮೀಟರ್ ಸೆಕೆಂಡಿಗೆ ಎರಡು ಮೂರು ಸಲ ಅಂಕಿ ಬದಲಿಸುತ್ತದೆ. ಅದು ತೋರಿಸುವುದು ಸರಾಸರಿಯನ್ನು. ರಿಸೀವರ್‌ಗೆ ಸಾಯಲು ಕೆಲವು ಮಿಲಿಸೆಕೆಂಡು ಸಾಕು. ಗೆಳೆಯನೊಬ್ಬನ ಬಳಿ ಆಸಿಲೋಸ್ಕೋಪ್ ಇತ್ತು. ಅದೇ ತಂತಿಗೆ ಅದನ್ನು ಜೋಡಿಸಿ ಕಲೆಕ್ಟಿವ್ ಒಮ್ಮೆ ಬಡಿದೆವು. ಪರದೆಯ ಮೇಲೆ ನೇರ ಗೆರೆಯ ನಡುವೆ ಬಾವಿ ತೋಡಿದಂತೆ ಒಂದು ಗುಂಡಿ ಬಿತ್ತು, ತಳ 3.6 ವೋಲ್ಟ್. ಬಹಳಷ್ಟು 2.4 ಗಿಗಾಹರ್ಟ್ಸ್ ರಿಸೀವರ್‌ಗಳು ಸುಮಾರು 3.5 ವೋಲ್ಟಿನ ಕೆಳಗೆ ಪ್ರಜ್ಞೆ ತಪ್ಪುತ್ತವೆ. ಮೇಜಿನ ಮೇಲೆ, ರೆಕ್ಕೆಯ ಭಾರವಿಲ್ಲದೆ, ತಣ್ಣಗಿರುವ ಬಿಇಸಿಯಲ್ಲಿ ಈ ಸ್ಥಿತಿ. ಹಾಗೆಯೇ ಐದು ನಿಮಿಷ ಕಡ್ಡಿ ಆಡಿಸುತ್ತಾ ಹೋದೆವು. ಇಎಸ್‌ಸಿಯ ತಗಡಿನ ಮೇಲೆ ಬೆರಳಿಡಲು ಆಗಲಿಲ್ಲ, ಗುಂಡಿಯ ತಳ 3.2ಕ್ಕೆ ಹೋಯಿತು, ಮತ್ತು ನಮ್ಮ ಕಣ್ಣೆದುರೇ ಯಂತ್ರ ಒಮ್ಮೆ ತಲೆಯಾಡಿಸಿತು. ನಾವಿಬ್ಬರೂ ಕಡ್ಡಿ ಕೆಳಗಿಟ್ಟು ಚಹಾ ಕುಡಿದೆವು.

ಆಸಿಲೋಸ್ಕೋಪ್ ಇಲ್ಲದವರು ಚಿಂತಿಸಬೇಕಿಲ್ಲ. ಟೆಲಿಮೆಟ್ರಿ ಇರುವ ರಿಸೀವರ್ ತನ್ನ ಕನಿಷ್ಠ ವೋಲ್ಟೇಜನ್ನು ಟ್ರಾನ್ಸ್‌ಮಿಟರಿಗೆ ಕಳುಹಿಸುತ್ತದೆ. ಆಸಿಲೋಸ್ಕೋಪಿನಷ್ಟು ಚುರುಕಲ್ಲದಿದ್ದರೂ ಮೀಟರಿಗಿಂತ ಎಷ್ಟೋ ವಾಸಿ. ಕನಿಷ್ಠ ಮೌಲ್ಯ ನೆನಪಿಡುವ ಪುಟ್ಟ ವೋಲ್ಟೇಜ್ ದಾಖಲೆ ಸಾಧನಗಳೂ ಸಿಗುತ್ತವೆ. ಏನೂ ಇಲ್ಲವೆಂದರೆ ಐದು ನಿಮಿಷದ ಕಡ್ಡಿಯಾಟ ಮತ್ತು ನಿಮ್ಮ ಬೆರಳೇ ಸಾಧನ.

ಆದರೆ ಬಿಇಸಿ ಬದಲಿಸುವ ಮುನ್ನ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಸರ್ವೋಗಳು ತಿನ್ನುವುದೆಲ್ಲ ನ್ಯಾಯವಾದ ಹಸಿವೇ? ಒಂದೊಂದೇ ಸರ್ವೋದ ಕೆಂಪು ತಂತಿಯಲ್ಲಿ ಆಂಪಿಯರ್ ಮೀಟರ್ ಸೇರಿಸಿ ನೋಡಿದಾಗ ಎರಡು ಸರ್ವೋಗಳು ವಿಶ್ರಾಂತಿಯಲ್ಲಿ ಕೆಲವೇ ಹತ್ತು ಮಿಲಿಆಂಪಿಯರ್ ಎಳೆಯುತ್ತಿದ್ದವು. ಎಡಗಡೆಯದು ಮಾತ್ರ ಸುಮ್ಮನಿದ್ದಾಗಲೂ 400 ಎಳೆದು ಜೀರುಂಡೆಯಂತೆ ಗುಂಯ್‌ಗುಡುತ್ತಿತ್ತು. ಅದರ ತೋಳನ್ನು ಬಿಚ್ಚಿದೊಡನೆ ಸದ್ದು ನಿಂತಿತು. ಅಂದರೆ ಸರ್ವೋ ಕೆಟ್ಟಿರಲಿಲ್ಲ, ಅದು ಯಾರೊಂದಿಗೋ ಜಗಳವಾಡುತ್ತಿತ್ತು. ಸರ್ವೋದ ತೋಳನ್ನು ಸ್ವಾಶ್‌ಪ್ಲೇಟಿಗೆ ಜೋಡಿಸುವ ಬಾಲ್ ಲಿಂಕ್ ಬಿಗಿಯಾಗಿತ್ತು. ಹೊಸ ಪ್ಲಾಸ್ಟಿಕ್ ಲಿಂಕ್ ಚೆಂಡಿನ ಮೇಲೆ ತನ್ನ ಭಾರಕ್ಕೇ ವಾಲಬೇಕು. ನನ್ನದು ಇಟ್ಟಲ್ಲಿ ಇಟ್ಟಂತೆ ನಿಲ್ಲುತ್ತಿತ್ತು. ಲಿಂಕ್ ಅಗಲಿಸುವ ಉಪಕರಣ ಇಲ್ಲದಿದ್ದರೆ, ಲಿಂಕನ್ನು ಚೆಂಡಿನ ಮೇಲೆ ಕೂರಿಸಿಯೇ ಹಲ್ಲಿಲ್ಲದ ಇಕ್ಕಳದಲ್ಲಿ ಮೆಲ್ಲಗೆ ಅದುಮಿ ಸಡಿಲಗೊಳಿಸಬಹುದು. ಹಾಗೆಯೇ ಕಲೆಕ್ಟಿವನ್ನು ಎರಡೂ ತುದಿಗೆ ಒಯ್ದು ನೋಡಿ: ಸ್ವಾಶ್‌ಪ್ಲೇಟ್ ಎಲ್ಲಾದರೂ ತಾಗಿ ನಿಂತ ಮೇಲೂ ಸರ್ವೋ ತಳ್ಳುತ್ತಿದ್ದರೆ ಅದು ಪೂರ್ತಿ ತಡೆಯ ಕರೆಂಟನ್ನೇ ನುಂಗುತ್ತಿರುತ್ತದೆ.

ಬಾಲದ ಸರ್ವೋದ ವಿಷಯದಲ್ಲಿ ಇನ್ನೊಂದು ಬಲೆಯಿದೆ. ಹೆಚ್ಚಿನ ಸರ್ವೋಗಳು 1520 ಮೈಕ್ರೋಸೆಕೆಂಡು ಉದ್ದದ ಸಿಗ್ನಲ್ ಮಿಡಿತವನ್ನು ನಡುಬಿಂದುವೆಂದು ತಿಳಿಯುತ್ತವೆ. ಬಾಲಕ್ಕೆಂದೇ ಮಾಡಿದ ಕೆಲವಕ್ಕೆ 760 ನಡುಬಿಂದು. ಜೈರೋದಲ್ಲಿ ತಪ್ಪು ಆಯ್ಕೆ ಮಾಡಿದರೆ ಸರ್ವೋ ಒಂದು ತುದಿಗೆ ಓಡಿ ಗೋಡೆಗೆ ತಲೆ ಕೊಟ್ಟು ನಿಲ್ಲುತ್ತದೆ, ಕೆಲವೇ ನಿಮಿಷದಲ್ಲಿ ಸುಟ್ಟ ವಾಸನೆ ಬರುತ್ತದೆ. ಡಿಜಿಟಲ್‌ಗೆಂದು ಇರುವ 333 ಹರ್ಟ್ಸ್ (ಸೆಕೆಂಡಿಗೆ 333 ಮಿಡಿತ) ವೇಗವನ್ನು ಅನಲಾಗ್ ಸರ್ವೋಗೆ ಕೊಟ್ಟರೂ ಅದೇ ಗತಿ.

ಬ್ಯಾಟರಿ, ಕನೆಕ್ಟರ್, ಬೆಸುಗೆ

ಎಲ್ಲವೂ ಒಟ್ಟಿಗೆ ಸತ್ತರೆ ಬಿಇಸಿಯಷ್ಟೇ ಅಲ್ಲ, ಬ್ಯಾಟರಿಯ ಮುಖ್ಯ ಕನೆಕ್ಟರ್ ಕೂಡ ಕಟಕಟೆಗೆ ಬರಬೇಕು. ಎಕ್ಸ್‌ಟಿ60 ಕನೆಕ್ಟರನ್ನು ಜೋಡಿಸಿ, ಯಂತ್ರ ಚಾಲೂ ಇರುವಾಗ ಅಲುಗಾಡಿಸಿ, ಎಳೆದು, ತಿರುಚಿ ನೋಡಿ. ಹಾರಾಟದ ನಂತರ ಮುಟ್ಟಿದಾಗ ತಂತಿಗಿಂತ ಕನೆಕ್ಟರ್ ಬಿಸಿಯಾಗಿದ್ದರೆ ಒಳಗೆ ಬೆಸುಗೆ ಹಿಡಿದಿಲ್ಲ. 10 ಮಿಲಿಓಮ್ ಎಂಬುದು ಕೇಳಲು ಏನೂ ಅಲ್ಲ. 40 ಆಂಪಿಯರಿನಲ್ಲಿ ಅದೇ 16 ವಾಟ್ ಶಾಖ, 0.4 ವೋಲ್ಟ್ ನಷ್ಟ. ಬೂದು ಬಣ್ಣಕ್ಕೆ ತಿರುಗಿ ಉಂಡೆಯಂತೆ ನಿಂತ ಬೆಸುಗೆಯನ್ನು ನಂಬಬೇಡಿ. ತವರ ತಂತಿಯ ಎಳೆಗಳೊಳಗೆ ಹರಿದು ಹೊಳೆಯುತ್ತಿರಬೇಕು.

ಬ್ಯಾಟರಿಗೂ ವಯಸ್ಸಾಗುತ್ತದೆ. ಅದರ ಆಂತರಿಕ ರೋಧವನ್ನು ಈಗಿನ ಸುಮಾರು ಚಾರ್ಜರ್‌ಗಳು ಅಳೆದು ತೋರಿಸುತ್ತವೆ. ಒಂದೊಂದು ಸೆಲ್ಲಿಗೆ 15 ಮಿಲಿಓಮ್ ಆಗಿದ್ದರೆ ಮೂರು ಸೇರಿ 45. 40 ಆಂಪಿಯರ್ ಎಳೆದಾಗ 1.8 ವೋಲ್ಟ್ ಬ್ಯಾಟರಿಯೊಳಗೇ ಕಳೆದುಹೋಗುತ್ತದೆ. ಅರ್ಧ ಖಾಲಿಯಾದ ಹೊತ್ತಿಗೆ ಇಎಸ್‌ಸಿ "ಸೆಲ್ ಸತ್ತಿತು" ಎಂದು ಮೋಟರ್ ಕತ್ತರಿಸುವುದು ಹೀಗೆ. ಮೂರರಲ್ಲಿ ಒಂದು ಸೆಲ್ ಉಳಿದವಕ್ಕಿಂತ ಎದ್ದು ಕಾಣುವಷ್ಟು ಬೇರೆಯಾಗಿದ್ದರೆ, ಅಥವಾ ಬ್ಯಾಟರಿ ಹಪ್ಪಳದಂತೆ ಉಬ್ಬಿದ್ದರೆ, ಬೀಳ್ಕೊಡಿ. ಬ್ಯಾಟರಿ ಎಷ್ಟು ಕರೆಂಟ್ ಕೊಡಬಲ್ಲದೆಂದು ಹೇಳುವ, ಲೇಬಲ್ ಮೇಲಿನ 'ಸಿ' ಅಂಕಿಯನ್ನು ನಾನು ಮದುವೆ ಬ್ರೋಕರಿನ ಮಾತಿನಷ್ಟೇ ನಂಬುತ್ತೇನೆ. ಸಾಮರ್ಥ್ಯದ ಶೇಕಡಾ 80, ಅಂದರೆ ಇಲ್ಲಿ 1760 ಎಂಎಎಚ್ ಬಳಸಿದ ಹೊತ್ತಿಗೆ ಇಳಿಯುವಂತೆ ಟೈಮರ್ ಇಡಿ. ಹಾರಿಸದ ದಿನಗಳಲ್ಲಿ ಸೆಲ್ಲಿಗೆ 3.8 ವೋಲ್ಟಿನಲ್ಲಿ ಇಟ್ಟಿರಿ. ಇಎಸ್‌ಸಿಯಲ್ಲಿ ವೋಲ್ಟೇಜ್ ಇಳಿದಾಗಿನ ಮೋಟರ್ ಕಡಿತವನ್ನು ಹಠಾತ್ ಬದಲು ನಿಧಾನ ಎಂದು ಹೊಂದಿಸಿ, ಬ್ರೇಕನ್ನು ಕಡ್ಡಾಯವಾಗಿ ಆಫ್ ಮಾಡಿ. ವಿಮಾನಕ್ಕೆಂದು ಬಂದ ಹೊಂದಾಣಿಕೆಯನ್ನೇ ಹೆಲಿಕಾಪ್ಟರಿನಲ್ಲಿ ಉಳಿಸಿಕೊಂಡು ಪರದಾಡಿದವರನ್ನು ಕಂಡಿದ್ದೇನೆ.

ಇಎಸ್‌ಸಿ ಅತಿಯಾಗಿ ಕಾಯುತ್ತಿದ್ದರೆ ಪಿನಿಯನ್ ಹಲ್ಲು ಎಣಿಸಿ. 3500 ಕೆವಿಯನ್ನು 11.1 ವೋಲ್ಟಿನಿಂದ ಗುಣಿಸಿ, ಭಾರದ ಲೆಕ್ಕಕ್ಕೆ ಶೇಕಡಾ 85 ಹಿಡಿದರೆ ಮೋಟರಿಗೆ ಸುಮಾರು 33,000 ಸುತ್ತು. 150 ಹಲ್ಲಿನ ಮುಖ್ಯ ಗೇರಿಗೆ 13 ಹಲ್ಲಿನ ಪಿನಿಯನ್ ಹಾಕಿದರೆ ರೋಟರಿಗೆ 2860, 12 ಹಾಕಿದರೆ 2640. ರೋಟರ್ ತಿನ್ನುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುವುದರಿಂದ ಆ ಒಂದು ಹಲ್ಲಿಗೆ ನೀವು ತೆರುವ ಬೆಲೆ ನಾಲ್ಕನೇ ಒಂದಕ್ಕಿಂತ ಹೆಚ್ಚು. ಕಲಿಯುವವರಿಗೆ 11 ಹಲ್ಲೇ ಸಾಕು.

ಬೆಚ್ಚಿಬೀಳುವ ರೋಗ

ಸಾಯದೆ ಬರಿದೆ ಬೆಚ್ಚುವ ಯಂತ್ರಗಳಲ್ಲಿ ಬಾಲದ ರೆಕ್ಕೆಯನ್ನು ಬೆಲ್ಟಿನಿಂದ ತಿರುಗಿಸುವವು ಹೆಚ್ಚು. ರಬ್ಬರ್ ಬೆಲ್ಟ್ ಪ್ಲಾಸ್ಟಿಕ್ ರಾಟೆಗಳ ಮೇಲೆ ಓಡುತ್ತಾ, ಒಣ ಹವೆಯಲ್ಲಿ, ಸ್ಥಿರ ವಿದ್ಯುತ್ ಕೂಡಿಸಿಕೊಳ್ಳುತ್ತದೆ. ಅದು ಬಾಲದ ಕೊಳವೆಯಿಂದ ಜೈರೋದ ಕಡೆಗೆ ಕಿಡಿಯಾಗಿ ಹಾರುತ್ತದೆ. ಕೊಳವೆಯಿಂದ ಮೋಟರಿನ ಲೋಹದ ಪೀಠಕ್ಕೆ ಒಂದು ತೆಳು ತಂತಿ ಎಳೆದು, ಬೆಲ್ಟಿಗೆ ಸ್ವಲ್ಪ ಸಿಲಿಕೋನ್ ಸಿಂಪಡಿಸಿದರೆ ಹೆಚ್ಚಿನವು ಸುಮ್ಮನಾಗುತ್ತವೆ. ಆಂಟೆನಾ ತುದಿಯ 31 ಮಿಲಿಮೀಟರ್ ಮಾತ್ರ ನಿಜವಾದ ಆಂಟೆನಾ. ಅದನ್ನು ಕಾರ್ಬನ್ ಚೌಕಟ್ಟಿನ ಹಿಂದೆ ಅಡಗಿಸಬೇಡಿ. ಎರಡಿದ್ದರೆ ಒಂದಕ್ಕೊಂದು ಲಂಬವಾಗಿಡಿ. ಇದಿಷ್ಟೂ ಸರಿಯಿದ್ದು, ಸಿಗ್ನಲ್ ಎಷ್ಟು ದೂರ ಮುಟ್ಟುತ್ತದೆಂದು ನೋಡುವ ಅಂತರ ಪರೀಕ್ಷೆಯಲ್ಲೂ ಸೋತರೆ ಆಗ ರೇಡಿಯೋವನ್ನು ಅನುಮಾನಿಸಲು ನಿಮಗೆ ಹಕ್ಕಿದೆ.

ನಾನು ಕೊಟ್ಟ ಮದ್ದು

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅರ್ಧ ದಿನ ಸುತ್ತಿ ಫೆರೈಟ್ ಉಂಗುರ, ಕೆಪಾಸಿಟರ್, ಒಳ್ಳೆಯ ಬೆಸುಗೆ ತವರ ತಂದೆ. ನಿರಂತರ 5 ಆಂಪಿಯರ್ ಕೊಡುವ ಪ್ರತ್ಯೇಕ ಸ್ವಿಚಿಂಗ್ ಬಿಇಸಿಯನ್ನು ತರಿಸಿದೆ. ಸ್ವಿಚಿಂಗ್ ಬಗೆಯದು ಹೆಚ್ಚಿನ ವೋಲ್ಟನ್ನು ಸುಡದೆ ತುಂಡು ತುಂಡಾಗಿ ಬಡಿಸುವುದರಿಂದ ತಣ್ಣಗಿರುತ್ತದೆ. ಅದನ್ನು ಬ್ಯಾಟರಿಗೆ ನೇರ ಜೋಡಿಸಿ ರಿಸೀವರ್‌ಗೆ ಕೊಟ್ಟೆ. ಇಎಸ್‌ಸಿಯಿಂದ ರಿಸೀವರ್‌ಗೆ ಬರುವ ಮೂರು ತಂತಿಗಳಲ್ಲಿ ನಡುವಿನ ಕೆಂಪನ್ನು ಪ್ಲಗ್ಗಿನಿಂದ ಸೂಜಿಯಲ್ಲಿ ಎಬ್ಬಿಸಿ ಹೊರತೆಗೆದು ಟೇಪ್ ಸುತ್ತಿದೆ. ಇದನ್ನು ಮರೆತರೆ ಎರಡು ಬಿಇಸಿಗಳು ಒಂದರ ಮೇಲೊಂದು ತಳ್ಳಾಡುತ್ತವೆ. ಕಪ್ಪು ತಂತಿ ಮಾತ್ರ ಹಾಗೆಯೇ ಇರಲಿ. ಅದಿಲ್ಲದೆ ಸಿಗ್ನಲ್‌ಗೆ ನೆಲೆಯಿಲ್ಲ.

ವೋಲ್ಟೇಜನ್ನು 6ಕ್ಕೆ ಇಟ್ಟೆ, ನನ್ನ ಮೂರು ಸರ್ವೋಗಳ ಮಿತಿ ಅದು. ಬಾಲದ ಸರ್ವೋ 4.8 ವೋಲ್ಟಿನದು. ಅದರ ದಾರಿಯಲ್ಲಿ ವೋಲ್ಟ್ ಇಳಿಸುವ ಪುಟ್ಟ ರೆಗ್ಯುಲೇಟರ್ ಕೂರಿಸದೆ 6 ಕೊಟ್ಟಿದ್ದರೆ ಅದು ಕೆಲವು ದಿನ ಚುರುಕಾಗಿ ಕುಣಿದು ನಂತರ ಸಾಯುತ್ತಿತ್ತು. ಖಾಲಿ ಪೋರ್ಟಿನಲ್ಲಿ 4700 ಮೈಕ್ರೋಫ್ಯಾರಡ್, 10 ವೋಲ್ಟಿನ ಕೆಪಾಸಿಟರ್. ಇದನ್ನು ಸಂಜೀವಿನಿ ಎಂದು ಮಾರುವವರಿದ್ದಾರೆ. ಲೆಕ್ಕ ಹಾಕಿ ನೋಡಿ: 1 ಆಂಪಿಯರ್ ಕೊರತೆಯನ್ನು 5 ಮಿಲಿಸೆಕೆಂಡು ತುಂಬಿಕೊಡುವಷ್ಟರಲ್ಲಿ ಅದರ ವೋಲ್ಟೇಜ್ ಸುಮಾರು 1 ವೋಲ್ಟ್ ಇಳಿದಿರುತ್ತದೆ. ಚಿಕ್ಕ ಗುಂಡಿ ಮುಚ್ಚಲು ಆದೀತು, ಸೋತ ಬಿಇಸಿಗೆ ಬದಲಿಯಾಗದು. ಧನ ಋಣ ತಿರುಗಿಸಿ ಚುಚ್ಚಿದರೆ ಸಿಡಿಯುತ್ತದೆ.

ಮತ್ತೆ ಗೆಳೆಯನ ಮನೆ, ಅದೇ ಆಸಿಲೋಸ್ಕೋಪ್. ಐದು ನಿಮಿಷದ ಕಡ್ಡಿಯಾಟದ ಕೊನೆಯಲ್ಲಿ ಗುಂಡಿಯ ತಳ 5.6. ಬಾಲ್ ಲಿಂಕ್ ಸಡಿಲಿಸಿದ ಮೇಲೆ 5.8. ಇಎಸ್‌ಸಿಯ ತಗಡಿನ ಮೇಲೆ ಅಂಗೈ ಇಡಬಹುದಿತ್ತು. ಅಲ್ಲಿಂದೀಚೆಗೆ ನೂರಕ್ಕೂ ಹೆಚ್ಚು ಹಾರಾಟಗಳಾಗಿವೆ. ಯಂತ್ರ ತಲೆಯಾಡಿಸುವುದು ಬ್ಯಾಟರಿ ಜೋಡಿಸಿದಾಗ ಮಾತ್ರ.

ಬೈದು ಡಬ್ಬಿಗೆ ಹಾಕಿದ್ದ ಹಳೆಯ ರಿಸೀವರನ್ನು ಪಕ್ಕದ ಬೀದಿಯ ಹುಡುಗನೊಬ್ಬ ಕೇಳಿ ತೆಗೆದುಕೊಂಡು ಹೋಗಿದ್ದ. ಥರ್ಮೋಕೋಲ್ ಗ್ಲೈಡರಿನಲ್ಲಿ ಅದು ಇಂದಿಗೂ ಹಾರುತ್ತಿದೆ.